ಥರ್ಮಾಕೋಲಿಗೆ ಚಾಕು ಹಚ್ಚಬೇಡ ಎಂದ ಉಸ್ತಾದರಿಗೆ

ನನ್ನ ರೇಡಿಯೊ ಉಸ್ತಾದರೇ,

ನಾನು ಹೊನವಾಡದಿಂದ ಹೆಲ್ಮೆಟ್ ಹಿಡಿದು ಸೊಲ್ಲಾಪುರ ರಸ್ತೆಯ ನಿಮ್ಮ ಅಂಗಡಿಗೆ ಬಂದ ದಿನ ನೆನಪಿದೆಯೇ? ಓದಿದ್ದು ಊರ ಸಾಲಿಯಲ್ಲಿ ಏಳನೆಯ ಇಯತ್ತೆ, ಆದರೆ ತಲೆ ನೋಡಿ ಹೇಗಿತ್ತು! ಹಳೆಯ ಟೇಪ್‌ರೆಕಾರ್ಡರಿನ ಎರಡು ಸ್ಪೀಕರ್ ಬಿಚ್ಚಿ, ಅವು ಕೂರಲೆಂದು ಹೆಲ್ಮೆಟ್ಟಿನೊಳಗಿನ ಥರ್ಮಾಕೋಲನ್ನು ಚಾಕುವಿನಿಂದ ಕೆತ್ತಿದ್ದೆ. ಹಾಡು ಹಚ್ಚಿದರೆ ತಲೆಯೊಳಗೇ ಬ್ಯಾಂಡಿನವರು ಇಳಿದಂತೆ. ಟಿಕೋಟಾದಲ್ಲಿ ಗಾಡಿ ನಿಲ್ಲಿಸಿದರೆ ಜನ ಮುತ್ತುತ್ತಿದ್ದರು. ಒಂದು ಕಡೆ ಗೊರಗೊರ ಅನ್ನುತ್ತಿತ್ತು, ಅದನ್ನಷ್ಟು ತಿದ್ದಿಸಿ, ನಿಮ್ಮಿಂದಲೂ ಶಭಾಷ್ ಅನ್ನಿಸಿಕೊಳ್ಳೋಣವೆಂದು ಬಂದರೆ...

ನೀವು ನಾನು ಕೆತ್ತಿದ ತೂತಿನಲ್ಲಿ ಬೆರಳಾಡಿಸಿದಿರಿ. ಆಮೇಲೆ ಮೆಲ್ಲಗೆ, “ಹಾಡಿಗೆ ಜಾಗಾ ಮಾಡೀದಿ ಮಲ್ಲಪ್ಪ. ತಲಿ ಎಲ್ಲೆ ಇಡಾಂವ?” ಅಂದಿರಿ. ಬಿದ್ದಾಗ ಪೆಟ್ಟು ತಿನ್ನುವುದು ಆ ಥರ್ಮಾಕೋಲೇ ಎಂದು ತಿಳಿಸಿ ಹೇಳಿದಿರಿ. ನಾನು ಹುಟ್ಟಿದಾಗಿನಿಂದ ಗಾಡಿ ಮೇಲಿಂದ ಬಿದ್ದವನಲ್ಲ ಎಂದು ಎದೆ ಸೆಟೆಸಿದೆ. ನನ್ನ ಹೆಲ್ಮೆಟ್ ನೀವು ಮರಳಿ ಕೊಡಲೇ ಇಲ್ಲ. ನಿಮ್ಮದನ್ನೇ ತೆಗೆದು, ಕಿವಿಯ ಬಳಿಯ ಬಟ್ಟೆಯ ಗಾದಿ ಬಿಚ್ಚಿ, ಇಯರ್‌ಫೋನಿನ ತೆಳ್ಳನೆಯ ಸ್ಪೀಕರುಗಳನ್ನು ಒಳಗಿಟ್ಟು ಹೊಲಿದಿರಿ. ಎಳ್ಳುಕಾಳಿನಷ್ಟು ಬೆಸುಗೆ! ಹಿಂದಿನ ಲಾರಿಯ ಹಾರ್ನ್ ಕೇಳುವಂತೆ ಹಾಡಿನ ಸಪ್ಪಳ ತಗ್ಗಿಸಿದಿರಿ. ಅದನ್ನು ನನ್ನ ತಲೆಗೇರಿಸಿ, ಹೆಲ್ಮೆಟ್ ಇಲ್ಲದೆ ಗಾಡಿ ಹತ್ತುವುದಿಲ್ಲವೆಂದು ನಿಮ್ಮದನ್ನು ಅಂಗಡಿಯಲ್ಲೇ ಬಿಟ್ಟು ನಡೆದು ಮನೆಗೆ ಹೋದಿರಿ. ಅಂಥ ಕೈ, ಅಂಥ ಮನಸ್ಸು ಇನ್ನೆಲ್ಲಿ ಹುಡುಕಲಿ?

ಮುಂದೊಂದು ದಿನ ಹೆಲ್ಮೆಟ್ ಎಲ್ಲಿ ಎಂದು ಕೇಳಿದಿರಿ. ಬಬಲೇಶ್ವರ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಕದ್ದರೆಂದೆ. ನೀವು ನಕ್ಕು, “ಕದ್ದಾಂವಗೂ ತಲಿ ಇರತೈತಿ, ಬಿಡು” ಅಂದಿರಿ. ಆ ಮಾತು ಇವತ್ತಿಗೂ...

ಮೊನ್ನೆ ಭಾನುವಾರ ಅಣ್ಣನ ಮಗಳು ಸಾವಿತ್ರಿ ಬಂದಳು. ಬಬಲೇಶ್ವರದ ಸಾಲಿಗೆ ಸ್ಕೂಟರಿನಲ್ಲಿ ಹೋಗಿಬರುವ ಟೀಚರು. ತನ್ನ ಹೆಲ್ಮೆಟ್ಟಿಗೆ ದೊಡ್ಡ ಸ್ಪೀಕರೇ ಬೇಕೆಂದು ಹಟ ಹಿಡಿದು, ತಾನೇ ಥರ್ಮಾಕೋಲ್ ಕೆತ್ತಲು ಕೂತಳು. ಬೇಡವೆಂದೆ. “ಕಾಕಾ, ನೀವು ಎಂದರ ಬಿದ್ದೀರೇನ್ರಿ? ಗಾಡಿ ನಿಮ್ಮ ಕಡೆನ ಕಲತೇನಿ. ನಾ ಯಾಕ ಬೀಳತೇನಿ?” ಅಂದಳು. ನಾನೇ ಊರೆಲ್ಲ ಸಾರಿದ ಮಾತು!

ಅಟ್ಟ ಹತ್ತಿ ಗೋಣಿಚೀಲ ಇಳಿಸಿ, ನಿಮ್ಮ ಹೆಲ್ಮೆಟ್ ಅವಳ ಮುಂದಿಟ್ಟು ಎಲ್ಲ ಹೇಳಿದೆ. ಅದನ್ನು ಯಾರೂ ಕದ್ದಿರಲಿಲ್ಲ ಉಸ್ತಾದರೇ. ಟಿಕೋಟಾದ ತಿರುವಿನ ಜಲ್ಲಿಕಡಿಯ ಮೇಲೆ ಗಾಡಿ ಜಾರಿ, ಬಲಗಡೆಯಿಂದ ಕಲ್ಲಿಗೆ ಬಡಿದಿದ್ದೆ. ಥರ್ಮಾಕೋಲ್ ಒಳಗಿನವರೆಗೂ ಸೀಳಿತ್ತು, ನನಗೊಂದು ಬುಗುಟೂ ಇಲ್ಲ. ಬಿದ್ದೆನೆಂದು ಯಾವ ಬಾಯಿಂದ ಹೇಳಲಿ ಎಂದು ಬಚ್ಚಿಟ್ಟುಬಿಟ್ಟೆ.

ಸಾವಿತ್ರಿ ಆ ಸೀಳಿನಲ್ಲಿ ಬೆರಳಿಟ್ಟು ನೋಡಿ ಚಾಕು ಮಡಚಿದಳು. “ಉಸ್ತಾದರಿಗರ ಹೇಳಬೇಕಿತ್ತಿಲ್ಲೋ ಕಾಕಾ?” ಎಂದಳು. ತೆಳ್ಳನೆಯ ಸ್ಪೀಕರುಗಳನ್ನೇ ಗಾದಿಯೊಳಗಿಟ್ಟು ಹೊಲಿದುಕೊಟ್ಟೆ. ಹೊಲಿಗೆ ನಿಮ್ಮಷ್ಟು ಸಣ್ಣದಲ್ಲ, ಆದರೆ ಹೊನವಾಡದಲ್ಲಿ ಇನ್ನೊಬ್ಬರಿಗೆ ಬರುವಂಥದ್ದೂ ಅಲ್ಲ.

ಹೇಳಬೇಕಿತ್ತು. ಈಗ ಹೇಳುತ್ತಿದ್ದೇನೆ: ನಾನು ಬಿದ್ದೆ ಉಸ್ತಾದರೇ. ನೀವು ತಲೆ ಉಳಿಸಿದಿರಿ.

ನಿಮ್ಮ
ಮಲ್ಲಪ್ಪ