ಕಾಮಾಲೆಯ ಎಲೆ

ಆಗಸ್ಟ್ 4, ಸೋಮವಾರ

ಹತ್ತು ಗಂಟೆಯೊಳಗೆ ಮೂವತ್ತೊಂದು ಸ್ಯಾಂಪಲ್. ಒಂಬತ್ತು ಜಾಂಡೀಸ್. ಮಳೆಗಾಲ, ಬಾವಿ ನೀರು — ಪ್ರತಿ ವರ್ಷದ ಕಥೆ. ಹೆಸರು ಕೇಳು, ಟ್ಯೂಬಿನ ಮೇಲೆ ಬರೆ, ಮತ್ತೊಮ್ಮೆ ಕೇಳು, ಸೂಜಿ ಚುಚ್ಚು. ಬಿ.ಸಿ. ರೋಡಿನ ಈ ಲ್ಯಾಬಿನಲ್ಲಿ ಹದಿಮೂರು ವರ್ಷದಿಂದ ಇದೇ ಬಾಯಿಪಾಠ.

ಒಂಬತ್ತರಲ್ಲಿ ಏಳು ಮಂದಿ ರಿಪೋರ್ಟ್ ಹಿಡಿದು ಸೀದಾ ಕನ್ಯಾನಕ್ಕೆ, ಮುಂಡಪ್ಪಣ್ಣನ ಎಲೆಮದ್ದು ಕುಡಿಯಲು. ಮೂರು ಆದಿತ್ಯವಾರ ಕುಡಿಯಬೇಕು. ಅಷ್ಟರಲ್ಲಿ ಈ ಜಾಂಡೀಸ್ ತನ್ನಷ್ಟಕ್ಕೇ ಇಳಿಯುತ್ತದೆ. ನನಗೆ ಗೊತ್ತು. ಹೇಳುವುದಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ನಾನೂ ಕುಡಿದವಳೇ. ನಿನ್ನ ಪ್ರಾಣ ಮುಂಡಪ್ಪ ಕೊಟ್ಟದ್ದು ಎಂದು ಉಮ್ಮ ಇವತ್ತಿಗೂ ಹೇಳುತ್ತಾರೆ.

ಒಂದು ಒಪ್ಪಬೇಕು. ಮಲ ಬಿಳಿಯಾಗಿದ್ದರೆ, ಮೈ ತುರಿಸುತ್ತಿದ್ದರೆ ಆ ಮನುಷ್ಯ ಎಲೆ ಕೊಡುವುದಿಲ್ಲ. ಇದು ನನ್ನದಲ್ಲ, ಮಂಗಳೂರಿಗೆ ಹೋಗು ಎಂದು ಕಳಿಸುತ್ತಾರೆ. ನಮ್ಮ ಡಾಕ್ಟರು ಹೇಳುವುದೂ ಅದನ್ನೇ.

ಆಗಸ್ಟ್ 6, ಬುಧವಾರ

ಲ್ಯಾಬ್ ಮುಚ್ಚುವ ಹೊತ್ತಿಗೆ ಮುಂಡಪ್ಪಣ್ಣ ಬಂದರು. ಸ್ವತಃ. ಉದ್ದ ತೋಳಿನ ಅಂಗಿ, ಕಣ್ಣು ಅರಸಿನ. ಹೆಸರು ಕುಶಾಲಪ್ಪ ಎಂದು ಬರೆ ಎಂದರು. ಬರೆದೆ. ಹದಿಮೂರು ವರ್ಷದಲ್ಲಿ ಮೊದಲ ಸುಳ್ಳು ಹೆಸರು. ತೋಳು ಮಡಚಿದಾಗ ಕಂಡಿತು — ಮೊಣಕೈವರೆಗೂ ತುರಿಸಿದ ಗಾಯ.

ಬಿಲಿರುಬಿನ್ 11.4, ಒಂದರ ಆಸುಪಾಸು ಇರಬೇಕಾದದ್ದು. ಪಿತ್ತನಾಳ ಕಟ್ಟಿದ ಲಕ್ಷಣ. ಕಲ್ಲೋ, ಇನ್ನೇನೋ. ಸ್ಕ್ಯಾನ್ ಆಗಬೇಕು, ಬೇಗ.

ಬೇರೆಯವರಾದರೆ ಏನು ಹೇಳುತ್ತಿದ್ದಿರಿ ಎಂದು ಕೇಳಿದೆ. ಅಂಗಿಯ ತೋಳು ಕೆಳಗೆಳೆದುಕೊಂಡರು.

"ಮಂಗಳೂರಿಗೆ ಹೋಗು ಅಂತ ಹೇಳ್ತಿದ್ದೆ. ನಾನೇ ಹೋದ್ರೆ ಮತ್ತೆ ಎಲೆಗೆ ಯಾರು ಬರ್ತಾರೆ ಮಗಾ? ಅಜ್ಜನ ಕಾಲದ್ದು ಇದು."

ಹೋಗದಿದ್ದರೆ ಸಾಯುತ್ತೀರಿ ಎಂದೆ. ಸಿಟ್ಟಿನಲ್ಲೇ ಎಂದೆ. ಎದ್ದು ಹೋದರು. ಹೆದರಿಕೆಯಾಗಿದೆ ನನಗೆ.

ಆಗಸ್ಟ್ 9, ಶನಿವಾರ

ಅವರ ಫೋನ್. ಒಂದು ದಾರಿ ಉಂಟಂತೆ. ಎಲೆ ಕೊಡುವವನು ತಾನೇ ಕೊಟ್ಟುಕೊಂಡರೆ ಹಿಡಿಯುವುದಿಲ್ಲ. ಇನ್ನೊಬ್ಬರಿಗೆ ಹೇಳಿಕೊಟ್ಟರೆ ಕೈಗುಣ ಅವರಿಗೆ ದಾಟುತ್ತದೆ, ಹೇಳಿದವನಲ್ಲಿ ಉಳಿಯುವುದಿಲ್ಲ. ಆಮೇಲೆ ಅವನು ಬರೀ ರೋಗಿ. ಆಸ್ಪತ್ರೆಗೆ ಹೋದರೂ ಎಲೆಗೆ ಕುಂದಿಲ್ಲ.

ಮಗ ಮನೀಷ್‌ಗೆ ನಂಬಿಕೆ ಇಲ್ಲ, ನೀನು ತೆಗೆದುಕೊಳ್ಳುತ್ತೀಯಾ ಎಂದು ಕೇಳಿದರು. ನನಗೂ ಇಲ್ಲ ಎಂದೆ. ಕುಡಿದವಳಲ್ವಾ, ಸಾಕು ಎಂದರು.

ಎಲೆ ಕೊಡುವಾಗ ಮಂತ್ರ ಹೇಳಬೇಕಲ್ಲ, ಅದು ನನ್ನಿಂದಾಗದು. ನಮ್ಮ ದೀನಿಗೆ, ಧರ್ಮಕ್ಕೆ, ಸಲ್ಲದ್ದು. ಉಮ್ಮನನ್ನು ಕೇಳಿದೆ. ಬಾಯಿತುಂಬಿದ ಎಲೆಅಡಿಕೆ ಉಗಿದು ಬಂದು ಹೇಳಿದರು.

"ಜೀವ ಉಳಿಯುವುದಾದ್ರೆ ಹೋಗು. ನಿನ್ನ ಬಾಯಲ್ಲಿ ಬಿಸ್ಮಿ ಇರ್ಲಿ."

ಆಗಸ್ಟ್ 10, ಆದಿತ್ಯವಾರ

ಈಗಷ್ಟೇ ಕನ್ಯಾನದಿಂದ ಬಂದೆ.

ದನದ ಹಟ್ಟಿಯ ಹಿಂದೆ ಗಿಡ ತೋರಿಸಿದರು. ದಿನಾ ಎಲ್ಲರೂ ತುಳಿದು ಹೋಗುವ ಗಿಡ. ಅರೆದು ಹಾಲಿಗೆ ಹಾಕಿದೆ. ಇವತ್ತೇ ಮಂಗಳೂರಿನಲ್ಲಿ ಸ್ಕ್ಯಾನ್, ಖಾಲಿ ಹೊಟ್ಟೆ ಬೇಕು, ಅದಕ್ಕೆ ಎರಡೇ ಚಮಚ. ಮಂತ್ರ ಮಾತ್ರ ಹೇಳುವುದಿಲ್ಲ ಎಂದೆ. ಅವರು ಬಾಗಿಲ ಕಡೆ ನೋಡಿ ಸ್ವರ ತಗ್ಗಿಸಿದರು.

"ಮಂತ್ರ ಇಲ್ಲ ಸೈನಬ. ಹೇಳಿಕೊಡುವ ಮೊದ್ಲೇ ಅಪ್ಪ ತೀರಿಹೋದ್ರು. ನಲ್ವತ್ತು ವರ್ಷ ರೋಗಿಯ ಹೆಸರನ್ನೇ ಮೂರು ಸಲ ಹೇಳಿದ್ದೇನೆ. ಬೇರೆ ಏನೂ ಗೊತ್ತಿಲ್ಲ ನನಗೆ."

ಮನೀಷ್‌ಗೂ ಹೇಳಿಲ್ಲವಂತೆ. ನಗು ಬರಲಿಲ್ಲ.

ಅಲ್ಲಾಹನ ಹೆಸರೆತ್ತಿ ಬಿಸ್ಮಿ ಹೇಳಿದೆ. ಆಮೇಲೆ — ಮುಂಡಪ್ಪ, ಮುಂಡಪ್ಪ, ಮುಂಡಪ್ಪ. ಕುಶಾಲಪ್ಪ ಅಲ್ಲ. ಕುಡಿದರು. ಹೊರಗೆ ಮನೀಷ್ ಕಾರು ಸ್ಟಾರ್ಟ್ ಮಾಡಿಯೇ ಇಟ್ಟಿದ್ದ.

ಸೆಪ್ಟೆಂಬರ್ 3, ಬುಧವಾರ

ಕಲ್ಲೇ. ತೆಗೆದರು. ಇವತ್ತು ಮುಂಡಪ್ಪಣ್ಣ ನಮ್ಮಲ್ಲಿ ಟೆಸ್ಟಿಗೆ ರಕ್ತ ಕೊಟ್ಟರು, ಸ್ವಂತ ಹೆಸರಿನಲ್ಲಿ. 1.9. ತುರಿಕೆ ಇಲ್ಲ.

ಗುಣ ಆದದ್ದು ಎಲೆಯಿಂದಲೋ ಆಸ್ಪತ್ರೆಯಿಂದಲೋ ಎಂದು ಕೇಳಿದರು. ಆಸ್ಪತ್ರೆಯಿಂದ ಎಂದೆ, ಸಂಶಯವೇ ಇಲ್ಲ. ಆದರೆ ಎಲೆ ಇಲ್ಲದಿದ್ದರೆ ಈ ಮನುಷ್ಯ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಅದಕ್ಕೆ ನಮ್ಮ ರಿಪೋರ್ಟಿನಲ್ಲಿ ಕಾಲಂ ಇಲ್ಲ.

ಹೋಗುವಾಗ ಒಂದೇ ಮಾತು — ಬಂದವರನ್ನು ಬರಿಗೈಯಲ್ಲಿ ಕಳಿಸಬೇಡ. ಕೈ ಮುಗಿದರು, ನನಗೆ. ನಾಚಿಕೆಯಾಯಿತು.

ಸೆಪ್ಟೆಂಬರ್ 14, ಆದಿತ್ಯವಾರ, ಬೆಳಿಗ್ಗೆ 7

ಜಗಲಿಯಲ್ಲಿ ಒಬ್ಬಳು ಕೂತಿದ್ದಾಳೆ. ಮುಂಡಪ್ಪಣ್ಣ ಕಳಿಸಿದ್ದಂತೆ. ಕೈಯಲ್ಲಿ ನಮ್ಮದೇ ಲ್ಯಾಬಿನ ರಿಪೋರ್ಟ್, 6.8, ಕೆಳಗೆ ನನ್ನದೇ ಸಹಿ. ತಾನಾಗಿ ಇಳಿಯುತ್ತದೆ, ವಿಶ್ರಾಂತಿ ಸಾಕು, ಮುಂದಿನ ವಾರ ಇನ್ನೊಮ್ಮೆ ಟೆಸ್ಟ್ ಮಾಡುವ ಎಂದೆ. ತಲೆಯಾಡಿಸಿದಳು. ಏಳಲಿಲ್ಲ. ಪಾಪ, ಹೆದರಿದ್ದಾಳೆ.

ಮಲದ ಬಣ್ಣ ಕೇಳಿದೆ. ಸರಿಯಿದೆ. ತುರಿಕೆ ಇಲ್ಲ.

ಗಿಡ ನಮ್ಮ ಅಂಗಳದಲ್ಲೂ ಉಂಟು. ಇಷ್ಟು ದಿನ ನಾನೂ ತುಳಿದಿದ್ದೇನೆ. ಉಮ್ಮ ಯಾರನ್ನೂ ಕೇಳದೆ ಹಾಲು ಬಿಸಿಗಿಟ್ಟಿದ್ದಾರೆ.

ಹೆಸರು ಕೇಳಿದೆ. ಸುರಕ್ಷಾ ಎಂದಳು. ಲ್ಯಾಬಿನ ಅಭ್ಯಾಸ, ಮತ್ತೊಮ್ಮೆ ಕೇಳಿದೆ. ಸುರಕ್ಷಾ.

ಉಮ್ಮ ಕರೆಯುತ್ತಿದ್ದಾರೆ. ಇನ್ನೊಂದು ಸಲ ಆ ಹೆಸರು, ಮೂರನೆಯದು —