ಒಂದು ಗುಂಡಿ, ಒಂದು ಚಮಚ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಗುಂಡಾ,

ನಿನಗೂ ನಿನ್ನ ಹೆಂಡತಿಗೂ ಅಕ್ಕನ ತುಂಬು ಆಶೀರ್ವಾದ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು, ಉತ್ತರ ಬರೆಯಲು ಇಷ್ಟು ತಡ ಮಾಡಿದೆ. ಹೊಟ್ಟೆಗೆ ಹಾಕಿಕೊಂಡುಬಿಡು. ನನ್ನ ಹೊಟ್ಟೆಯಲ್ಲಿ ಈಗ ಅಂಥದ್ದಕ್ಕೆಲ್ಲ ಜಾಗವಿಲ್ಲ, ನಿನ್ನದರಲ್ಲಿ ಇನ್ನೂ ಬೇಕಾದಷ್ಟಿದೆ.

ಕಾಗದ ಅಂದೆನಲ್ಲ, ಅದೇನು ಕಾಗದವೋ! ಬೇಕರಿಯ ಬಿಲ್ಲಿನ ಹಿಂಬದಿಗೆ ಗೀಚಿದ ಎರಡು ಸಾಲು. 'ಅಕ್ಕಾ, ಹುಷಾರಾಗಿರು. ಬಂದು ತೊಂದರೆ ಕೊಡುವುದಿಲ್ಲ.' ಯಾವಾಗಿನಿಂದ ನೀನು ತೊಂದರೆ ಕೊಡದಷ್ಟು ಒಳ್ಳೆಯವನಾದೆ? ಫೋನ್ ಮಾಡಿದರೆ ನಿನ್ನ ಹೆಂಡತಿಯೇ ಎತ್ತುತ್ತಾಳೆ. ಒಂದು ಸಲ ನೀನು ಹಿಟ್ಟು ನಾದುತ್ತಿರುತ್ತೀಯ, ಇನ್ನೊಂದು ಸಲ ಒಲೆಯ ಮುಂದೆ ಇರುತ್ತೀಯ, ಮತ್ತೊಂದು ಸಲ ಈಗ ತಾನೇ ಮಲಗಿರುತ್ತೀಯ. ಅದಕ್ಕೇ ಈ ಕಾಗದ. ಇದು ಬಂದಾಗ ಮಲಗಿದ್ದಾರೆ ಎಂದು ವಾಪಸ್ ಕಳಿಸಲಾಗುವುದಿಲ್ಲ.

ಅವಳನ್ನು ಬೈಯಬೇಡ, ಪಾಪ. ಮೊನ್ನೆ ಅವಳೇ ಬಾಯಿಬಿಟ್ಟಳು. "ತಟ್ಟೆ ಮುಂದೆ ಕೂತ್ಕೊಂಡು ಹಾಗೇ ಎದ್ದುಬಿಡ್ತಾರೆ ಅಕ್ಕಾ. ನಾನೇ ಅಲ್ವಾ ಅಕ್ಕನ್ನ ಆ ಡಾಕ್ಟರ್ ಹತ್ರ ಕರ್ಕೊಂಡ್ ಹೋಗಿದ್ದು ಅಂತಾರೆ" ಅಂದಳು. ನಮ್ಮ ಮನೆಯಲ್ಲಿ ಊಟ ಬಿಡುವವರು ಒಬ್ಬರಿದ್ದರೆ ಸಾಕು, ಇಬ್ಬರು ಬೇಡ.

ಮೊದಲು ಆ ಮಾತು ಮುಗಿಸಿಬಿಡೋಣ. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳುವ ನಿರ್ಧಾರ ನನ್ನದು. ನೋಯುತ್ತಿದ್ದ ಮಂಡಿ ನನ್ನದು, ಅಂಗಡಿಯ ಮೆಟ್ಟಿಲು ಹತ್ತುವಾಗಿನ ಏದುಸಿರು ನನ್ನದು, ಸಕ್ಕರೆ ಕಾಯಿಲೆಯೂ ನನ್ನದೇ. ಹೊಲಿಗೆ ಯಂತ್ರದ ಮುಂದೆ ಕೂತರೆ ಹೊಟ್ಟೆ ಅಡ್ಡ ಬಂದು, ಕುತ್ತಿಗೆ ಚಾಚಿ ಸೂಜಿ ಹುಡುಕುತ್ತಿದ್ದವಳು ನಾನು. ನೀನು ಮಾಡಿದ್ದಿಷ್ಟು: ಡಾಕ್ಟರ ವಿಳಾಸ ಹುಡುಕಿದೆ, ನನ್ನ ಚೀಲ ಹಿಡಿದುಕೊಂಡು ಪಕ್ಕದ ಕುರ್ಚಿಯಲ್ಲಿ ಕೂತೆ. ಜಠರದ ಬಹುಪಾಲು ಕತ್ತರಿಸಿ, ಉಳಿದದ್ದನ್ನು ಒಂದು ಬಾಳೆಹಣ್ಣಿನಷ್ಟು ಮಾಡಿ ಹೊಲಿಯುತ್ತೇವೆ, ನೂರರಲ್ಲಿ ಒಬ್ಬಿಬ್ಬರಿಗೆ ಆ ಹೊಲಿಗೆ ಸೋರುವುದುಂಟು ಎಂದು ಡಾಕ್ಟರು ನನ್ನ ಮುಖ ನೋಡಿಕೊಂಡೇ ಹೇಳಿದರು. ಆ ಒಬ್ಬಿಬ್ಬರಲ್ಲಿ ನಾನು ಬಂದೆ. ಇಷ್ಟರಲ್ಲಿ ನಿನ್ನ ಪಾಲು ಎಲ್ಲಿದೆ, ಹೇಳು?

ಊರಿನ ಅರ್ಧ ಜನರ ಪ್ಯಾಂಟು ಬಿಚ್ಚಿಹೋಗದಂತೆ ನೋಡಿಕೊಂಡವಳ ಹೊಟ್ಟೆಯ ಹೊಲಿಗೆಯೇ ಬಿಟ್ಟುಕೊಂಡಿತಲ್ಲ ಎಂದು ನನಗೆ ಈಗಲೂ ಒಮ್ಮೊಮ್ಮೆ ನಗು ಬರುತ್ತದೆ. ಆಗ ನಗು ಬಂದಿರಲಿಲ್ಲ ಬಿಡು. ಜ್ವರ, ಕೀವು, ಇನ್ನೊಂದು ಆಪರೇಷನ್, ಮೂಗಿನಲ್ಲಿ ನಳಿಕೆ. ಸೋರಿದ ಜಾಗ ಮಾಯಿತು ಅನ್ನುವಷ್ಟರಲ್ಲಿ ಮಾಯ್ದದ್ದೇ ಬಿಗಿದುಕೊಂಡು ದಾರಿ ಕಿರಿದಾಯಿತು, ನೀರೂ ಇಳಿಯದು. ಬಾಯಿಯಿಂದ ಪುಟ್ಟ ಬಲೂನು ಇಳಿಸಿ ಊದಿ ಹಿಗ್ಗಿಸಿದರು. ಮನೆಗೆ ಬಂದ ಮೇಲೂ ತಿಂದದ್ದರಲ್ಲಿ ಅರ್ಧ ವಾಪಸ್. ಬಟ್ಟಲು ಕಂಡರೆ ಮುಖ ತಿರುಗಿಸುತ್ತಿದ್ದೆ. ಯೋಚಿಸು, ಗುಂಡಾ, ನಾನು, ನಿನ್ನ ತಟ್ಟೆಯಿಂದಲೂ ಕದ್ದು ತಿನ್ನುತ್ತಿದ್ದವಳು, ತಿನ್ನುವುದಕ್ಕೆ ಹೆದರಿದೆ. ತೂಕ ಇನ್ನೂ ಇಳಿದರೆ ಮತ್ತೆ ನಳಿಕೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ ದಿನ ದಾರಿಯುದ್ದಕ್ಕೂ ಅತ್ತುಕೊಂಡು ಮನೆಗೆ ಬಂದೆ.

ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಮೇಡಂ ಒಬ್ಬರಿದ್ದಾರೆ. ಗಟ್ಟಿ ಹೆಂಗಸು, ಒಂದು ಮಾತೂ ದಂಡ ಮಾಡುವವರಲ್ಲ. ನಿಧಾನ ತಿನ್ನಿ, ನಿಧಾನ ತಿನ್ನಿ ಎಂದು ಹೇಳಿ ಅವರಿಗೆ ಸಾಕಾಗಿತ್ತು. ನನಗೋ, ನಿಧಾನ ಎಂದರೆ ಏನೆಂದೇ ಗೊತ್ತಿಲ್ಲ. ನಮ್ಮ ಮನೆಯಲ್ಲಿ ನಿಧಾನ ತಿಂದವರಿಗೆ ಏನಾದರೂ ಉಳಿಯುತ್ತಿತ್ತೇ?

"ನಿಮ್ದೇನು ಕೆಲಸ?" ಎಂದು ಕೇಳಿದರು.

"ಟೈಲರ್ ಮೇಡಂ."

"ಒಂದು ಗುಂಡಿ ಹೊಲಿಯೋಕೆ ಎಷ್ಟೊತ್ತು ಬೇಕು?"

"ಸರಿಯಾಗಿ ಹೊಲಿದ್ರೆ ಎರಡು ಮೂರು ನಿಮಿಷ."

"ಸರಿ ಹಾಗಾದ್ರೆ. ಒಂದು ಚಮಚ ಬಾಯಿಗೆ ಹಾಕ್ಕೊಳ್ಳಿ. ನುಣ್ಣಗೆ ಅಗಿದು ನುಂಗಿ. ಆಮೇಲೆ ಒಂದು ಗುಂಡಿ ಹೊಲೀರಿ. ಗುಂಡಿ ಮುಗಿಯೋವರೆಗೆ ಇನ್ನೊಂದು ಚಮಚ ಮುಟ್ಟೋ ಹಾಗಿಲ್ಲ."

ಅಂದಿನಿಂದ ಅದೇ ನನ್ನ ಊಟ. ಮಡಿಲಲ್ಲಿ ಅಂಗಿ, ಪಕ್ಕದ ಮಣೆಯ ಮೇಲೆ ಬಟ್ಟಲು. ಒಂದು ಅಂಗಿ ಮುಗಿಯುವ ಹೊತ್ತಿಗೆ ಒಂದು ಮೊಟ್ಟೆ ಮುಗಿಯುತ್ತದೆ. ನರ್ಸುಗಳ ಸಮವಸ್ತ್ರ ಹೊಲಿಯಲು ಬಂದರೆ ನನಗೆ ಸುಗ್ಗಿ, ಕೊರಳಿನಿಂದ ಮಂಡಿಯವರೆಗೆ ಗುಂಡಿಗಳೇ. ಜಿಪ್ಪು ಹಾಕಿಸಲು ಬಂದವರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ. ನೀರು ಊಟದ ಜೊತೆ ಕುಡಿಯುವಂತಿಲ್ಲ, ಅದಕ್ಕೆ ಬೇರೆ ಹೊತ್ತು. ಸಿಹಿ ಬಾಯಿಗಿಟ್ಟರೆ ಎದೆ ಡವಡವ, ಮೈಯೆಲ್ಲ ಬೆವರು, ಹಾಸಿಗೆ ಹಿಡಿದು ಮಲಗಬೇಕು. ಕೂದಲು ಉದುರಿ ಬಾಚಣಿಗೆಯೇ ನನಗಿಂತ ಚೆನ್ನಾಗಿ ಕಾಣುತ್ತದೆ. ಹೊಟ್ಟೆ ತುಂಬಿತು ಅನ್ನುವುದಕ್ಕೆ ಈಗ ನನಗೆ ಒಂದು ಸೀನು ಬರುತ್ತದೆ, ನಗಬೇಡ, ನಿಜ. ಸೀನಿದ ಮೇಲೆ ಇನ್ನೊಂದು ಚಮಚ ಹಾಕಿದೆನೋ, ಬಚ್ಚಲಿಗೆ ಓಡಬೇಕು. ನಿಮ್ಮ ಭಾವ ಅದನ್ನು ಎಷ್ಟು ಚೆನ್ನಾಗಿ ಕಲಿತಿದ್ದಾರೆಂದರೆ, ಸೀನು ಕೇಳಿದ ಕೂಡಲೇ ಬಟ್ಟಲು ಎತ್ತಿಕೊಂಡು ಹೋಗುತ್ತಾರೆ. ಮೊನ್ನೆ ನೆಗಡಿಗೆ ಸೀನಿದರೂ ಎತ್ತಿಕೊಂಡು ಹೋದರು. ಜಗಳವಾಡಿ ವಾಪಸ್ ತರಿಸಿಕೊಂಡೆ.

ಅವರದ್ದೂ ಒಂದು ಕಥೆ ಇದೆ. ನಾನು ಮನೆಗೆ ಬಂದ ಮೇಲೆ ಈ ಮನುಷ್ಯ ಊಟ ಮಾಡುವುದನ್ನೇ ನಾನು ಕಂಡಿರಲಿಲ್ಲ. ಬೆಳಗಿನಿಂದ ಲಿಫ್ಟುಗಳ ರಿಪೇರಿಗೆ ಅಲೆದು ಬಂದವರು ಹಸಿವಿಲ್ಲ ಅನ್ನುತ್ತಿದ್ದರು. ಒಂದು ದಿನ ಅಡುಗೆಮನೆಯಲ್ಲಿ ಚಮಚದ ಸದ್ದು ಕೇಳಿ ಹೋಗಿ ನೋಡುತ್ತೇನೆ, ಬಾಗಿಲ ಹಿಂದೆ ನಿಂತುಕೊಂಡು ಗಬಗಬನೆ ತಿನ್ನುತ್ತಿದ್ದಾರೆ.

"ಏನ್ರೀ ಇದು, ನಮ್ಮನೇಲೇ ಕಳ್ಳತನ?"

"ಇಲ್ಲ ಕಣೇ, ಬಿಸಿ ಇದೆಯಾ ನೋಡ್ತಿದ್ದೆ."

"ಬಿಸಿ ನೋಡೋಕೆ ತಟ್ಟೆ ಖಾಲಿ ಮಾಡ್ಬೇಕಾ?"

ತಲೆ ತಗ್ಗಿಸಿದರು. "ನಿನ್ನ ಮುಂದೆ ಹೇಗೆ ತಿನ್ನಲಿ ಹೇಳು. ಗಂಟಲಲ್ಲಿ ಇಳಿಯಲ್ಲ" ಅಂದರು.

"ಇಳಿಯದೇ ಇರೋದು ನನಗೆ ರೀ. ನಿಮಗೂ ಇಳಿಯದೇ ಹೋದ್ರೆ ಈ ಮನೇಲಿ ಒಲೆ ಯಾಕೆ ಹಚ್ಬೇಕು? ಬನ್ನಿ, ಮೇಜಿನ ಮುಂದೆ ಕೂತು ತಿನ್ನಿ. ನಾನು ನೋಡ್ತೀನಿ."

ಕೂತರು. ಮೊದಲ ತುತ್ತು ತಿನ್ನಲು ಅವರು ಪಟ್ಟ ಪಾಡು ನೀನು ನೋಡಬೇಕಿತ್ತು, ನನಗಿಂತ ನಿಧಾನ! ಆಮೇಲೆ ಸರಿಹೋದರು. ಅವರು ತಿನ್ನುವುದನ್ನು ನೋಡುತ್ತಾ ನಾನೂ ಅಂದು ಎರಡು ಚಮಚ ಹೆಚ್ಚು ತಿಂದೆ. ನನಗೆ ಅರ್ಥವಾದದ್ದು ಇಷ್ಟೇ ಗುಂಡಾ, ಹೊಟ್ಟೆ ಚಿಕ್ಕದಾದದ್ದನ್ನು ನಾನು ತಡೆದುಕೊಳ್ಳಬಲ್ಲೆ, ಒಬ್ಬಳೇ ಕೂತು ಉಣ್ಣುವುದನ್ನು ತಡೆದುಕೊಳ್ಳಲಾರೆ. ಹೋದ ಸಲ ಆಸ್ಪತ್ರೆಯಲ್ಲಿ ತೂಕದ ಮುಳ್ಳು ಒಂದಿಷ್ಟು ಮೇಲೇರಿತ್ತು. ತೂಕ ಏರಿದ್ದಕ್ಕೆ ಡಾಕ್ಟರೊಬ್ಬರು ನನ್ನನ್ನು ಹೊಗಳಿದ್ದು ಹುಟ್ಟಿದ ಮೇಲೆ ಇದೇ ಮೊದಲು. ನಳಿಕೆಯ ಮಾತು ಈಗ ಯಾರೂ ಎತ್ತುತ್ತಿಲ್ಲ.

ಇನ್ನು ಆ ಬ್ರೆಡ್ಡಿನ ವಿಷಯ. ಅಕ್ಕನ ದಾರಿ ಕಿರಿದಾಗಿದೆ ಎಂದು ಕೇಳಿ, ನಿನ್ನ ಕೈಯಲ್ಲಿ ಆಗುವಷ್ಟು ಮೆತ್ತಗೆ, ಹಾಲು ಹಾಕಿ ಬೇಯಿಸಿ ಕಳಿಸಿದೆ. ಮೆತ್ತಗಿದ್ದದ್ದು ಸಲೀಸಾಗಿ ಇಳಿಯುತ್ತದೆ ಎಂದು ನೀನು ಅಂದುಕೊಂಡೆ, ನಾನೂ ಹಾಗೇ ಅಂದುಕೊಂಡು ಆಸೆಯಿಂದ ತಿಂದೆ. ಅದು ಒಳಗೆ ಹೋಗಿ ಮತ್ತೆ ಕಲಸಿದ ಹಿಟ್ಟಾಗಿ, ಮುದ್ದೆಗಟ್ಟಿ, ಆ ಕಿರಿದಾದ ಜಾಗದಲ್ಲೇ ಕೂತುಬಿಟ್ಟಿತು. ಆಸ್ಪತ್ರೆಗೆ ಓಡಿ ತೆಗೆಸಬೇಕಾಯಿತು. "ಅವಳನ್ನ ಕೊಲ್ತೀಯೇನೋ?" ಎಂದು ನಿಮ್ಮ ಭಾವ ಫೋನಿನಲ್ಲಿ ನಿನ್ನ ಮೇಲೆ ಕೂಗಾಡಿದ್ದು ಆಗಲೇ. ಭಯದಲ್ಲಿ ಬಂದ ಮಾತು ಅದು. ಆಮೇಲೆ ನಾಲಿಗೆ ಕಚ್ಚಿಕೊಂಡಿದ್ದಾರೆ. ನಿನಗೆ ಹೇಳಬೇಕೆಂದು ಫೋನು ಕೈಗೆ ತೆಗೆದುಕೊಂಡು ಇಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆ ಮನುಷ್ಯನಿಗೆ ಲಿಫ್ಟುಗಳ ಜೊತೆ ಮಾತಾಡಲು ಮಾತ್ರ ಬರುತ್ತದೆ.

ಪಥ್ಯದ ಮೇಡಂ ಹೇಳಿದರು, ಬ್ರೆಡ್ಡು ತಿನ್ನಲೇಬೇಕು ಎಂದಿದ್ದರೆ ಗರಿಗರಿಯಾಗಿ ಒಣಗಿಸಿದ್ದನ್ನು ತಿನ್ನಿ ಎಂದು. ಕಳೆದ ವಾರ ಧೈರ್ಯ ಮಾಡಿದೆ. ಒಂದು ತೆಳ್ಳನೆಯ ಚೂರನ್ನು ಕಾವಲಿಯ ಮೇಲೆ ತೇವವೇ ಇಲ್ಲದಂತೆ ಸುಟ್ಟು, ಉಗುರಿನಷ್ಟು ಮುರಿದು, ಬಾಯಲ್ಲಿಟ್ಟುಕೊಂಡು ಅಗಿದೆ, ಅಗಿದೆ, ಅಗಿಯುತ್ತಲೇ ಇದ್ದೆ. ಆ ವಾಸನೆ ಮೂಗಿಗೆ ಹೋದಾಗ ನಿನ್ನ ಬೇಕರಿಯ ಬಾಗಿಲಲ್ಲಿ ನಿಂತಂತೆಯೇ ಆಯಿತು. ನುಂಗಿದೆ. ಇಳಿಯಿತು. ಸೀನು ಬರಲಿಲ್ಲ! ಕಣ್ಣಲ್ಲಿ ಮಾತ್ರ ನೀರು ಬಂತು. ಭಾವ ಗಾಬರಿಯಾಗಿ ಬಟ್ಟಲು ಎತ್ತಿಕೊಂಡರು.

ಹಾಗಾಗಿ ಬೇಕರಿಯವರಿಗೆ ನನ್ನದೊಂದು ಆರ್ಡರ್ ಇದೆ. ಎರಡು ಸಲ ಸುಟ್ಟ ರಸ್ಕು, ತೆಳ್ಳಗೆ, ಸಕ್ಕರೆ ಇಲ್ಲದೆ. ಮಾಮೂಲಿ ಗಿರಾಕಿಗಳು ಹಲ್ಲು ಮುರಿಯಿತು ಎಂದು ಜಗಳಕ್ಕೆ ಬರಬೇಕು, ಅಷ್ಟು ಗಟ್ಟಿ. ಆದರೆ ಯಾರ ಕೈಯಲ್ಲೂ ಕೊಟ್ಟು ಕಳಿಸಬೇಡ, ನೀನೇ ತಾ. ಬರುವ ಭಾನುವಾರ ಅಂಗಡಿಗೆ ರಜಾ. ನೀವಿಬ್ಬರೂ ಬನ್ನಿ. ನನ್ನ ಮುಂದೆ ಕೂತು ಹೊಟ್ಟೆ ತುಂಬ ಉಣ್ಣು. ಸಂಕೋಚಪಟ್ಟು ತಟ್ಟೆಯಲ್ಲಿ ಬಿಟ್ಟರೆ ಕಿವಿ ಹಿಂಡುತ್ತೇನೆ.

ನನ್ನ ನಂತರ ನೀನೂ ಆಪರೇಷನ್ ಮಾಡಿಸಿಕೊಳ್ಳಬೇಕು ಅಂತಿದ್ದೆಯಲ್ಲ, ಅದರ ಬಗ್ಗೆಯೂ ಒಂದು ಮಾತು. ನನ್ನನ್ನು ನೋಡಿ ಹೆದರಬೇಡ, ನನ್ನನ್ನು ನೋಡಿ ಹುಂಬ ಧೈರ್ಯವನ್ನೂ ಮಾಡಬೇಡ. ನಿನ್ನ ದೇಹ ನಿನ್ನದು, ಡಾಕ್ಟರ ಮುಂದೆ ಕೂತು ಎಲ್ಲವನ್ನೂ ಕೇಳು. ನಾನು ಪಟ್ಟ ಪಾಡನ್ನು ಹೇಳಿದ ಮೇಲೆ ಇದನ್ನೂ ಹೇಳಬೇಕು, ಈಗ ಮಂಡಿ ನೋಯುವುದಿಲ್ಲ, ಸಕ್ಕರೆಯ ಮಾತ್ರೆ ನಿಂತಿದೆ, ಅಂಗಡಿಯ ಮೆಟ್ಟಿಲನ್ನು ಮಾತಾಡಿಕೊಂಡೇ ಹತ್ತುತ್ತೇನೆ. ಈ ಸಲ ಚೀಲ ಹಿಡಿದುಕೊಂಡು ಪಕ್ಕದ ಕುರ್ಚಿಯಲ್ಲಿ ಕೂರುವ ಸರದಿ ನನ್ನದು.

ನಿನ್ನ ಹೆಂಡತಿಗೆ ನನ್ನ ಪ್ರೀತಿ ತಿಳಿಸು. ನಿನ್ನ ಒಲೆ ಆರದಿರಲಿ, ನೀವಿಬ್ಬರೂ ನಗುನಗುತ್ತಾ ಇರಿ. ಅಕ್ಕನ ಹಾರೈಕೆ ಅಷ್ಟೇ.

ಇಂತು,
ನಿನ್ನ ಡುಮ್ಮಕ್ಕ
(ಅರ್ಧ ಕರಗಿದ್ದರೂ ಹಾಗೆ ಕರೆಯುವ ಹಕ್ಕು ನಿನ್ನೊಬ್ಬನದೇ)

ಮತ್ತೊಂದು ವಿಷಯ: ಕಾಗದ ಮಡಿಸಿ, ಮತ್ತೆ ಬಿಚ್ಚಿದೆ. ಬ್ರೆಡ್ಡಿನ ದೆಸೆಯಿಂದ ನೀನು ಬರುತ್ತಿಲ್ಲ ಎಂದು ಇವರೆಲ್ಲ ಅಂದುಕೊಂಡಿದ್ದಾರೆ. ಆದರೆ ಅದಕ್ಕೂ ಮೊದಲೇ ನೀನು ಬರುವುದನ್ನು ಬಿಟ್ಟಿದ್ದೆ. ಎರಡನೇ ಆಪರೇಷನ್ ಆಗಿ ಎಷ್ಟೋ ವಾರಗಳ ಮೇಲೆ ನೀನು ಆಸ್ಪತ್ರೆಗೆ ಬಂದ ದಿನ ನಾನು ನಿದ್ದೆಯಲ್ಲಿದ್ದೆ ಎಂದು ತಿಳಿದಿರಬೇಕು. ಇರಲಿಲ್ಲ. ನೀನು ಬಾಗಿಲಲ್ಲಿ ನಿಂತು ಒಂದೊಂದೇ ಮಂಚ ನೋಡುತ್ತಾ ಬಂದೆ. ನಿನ್ನ ಕಣ್ಣು ನನ್ನ ಮುಖದ ಮೇಲೆ ಬಂತು, ದಾಟಿಕೊಂಡು ಪಕ್ಕದ ಮಂಚಕ್ಕೆ ಹೋಯಿತು. ಆಮೇಲೆ ನರ್ಸನ್ನು ಕೇಳಿದೆ, "ನಮ್ಮಕ್ಕ ಎಲ್ಲಿದ್ದಾಳೆ?" ಎಂದು. ಕೂಗೋಣವೆಂದರೆ ಮೂಗಿನಿಂದ ಗಂಟಲಿಗೆ ಇಳಿದ ನಳಿಕೆ, ಧ್ವನಿ ಹೊರಡಲಿಲ್ಲ. ಅವಳು ಬೆರಳು ಮಾಡಿ ತೋರಿಸಿದಾಗ ನಿನ್ನ ಮುಖ ನೋಡಲಾರದೆ ಕಣ್ಣು ಮುಚ್ಚಿದೆ. ತೆರೆದಾಗ ನೀನು ತಂದ ಚೀಲ ಇತ್ತು, ನೀನಿರಲಿಲ್ಲ. ಇಷ್ಟೆಲ್ಲ ಕತ್ತರಿಸಿ ಹೊಲಿದರಲ್ಲ, ಯಾವುದೂ ನನಗೆ ಅಷ್ಟು ನೋಯಲಿಲ್ಲ ಕಣೋ. ನಿನ್ನ ಮೇಲೆ ಸಿಟ್ಟಿಲ್ಲ, ಆಣೆ ಮಾಡಿ ಹೇಳುತ್ತೇನೆ. ಈಗ ಕೆನ್ನೆ ಒಂದಿಷ್ಟು ತುಂಬಿದೆ. ಆದರೂ ಗುರುತು ಸಿಗದಿದ್ದರೆ ಹೆದರಿ ವಾಪಸ್ ಹೋಗಬೇಡ, ಅಲ್ಲೇ ನಿಂತಿರು. ಈ ಸಲ ನಾನೇ ಮೊದಲು ಕೂಗುತ್ತೇನೆ.