ಸುಳ್ಳು ಜ್ವರದ ಹಗಲುಗಳು

ರಾಜಾಜಿನಗರ, ಬೆಂಗಳೂರು
೨೩-೧೧-೧೯೫೮, ಭಾನುವಾರ

ಪ್ರೀತಿಯ ಕಮಲಾಕ್ಷಿ, ಶರಣು.

ನಿನ್ನ ಕಾಗದ ಬಂದಾಗ ದಸರೆ ಇನ್ನೂ ಬಂದಿರಲಿಲ್ಲ. ಈಗ ದೀಪಾವಳಿಯೂ ಕಳೆಯಿತು. ಮಗಳ ತೊಟ್ಟಿಲು ಶಾಸ್ತ್ರಕ್ಕೆ ಬರಲಿಲ್ಲ, ಒಂದು ಸಾಲು ಬರೆಯಲೂ ಇಲ್ಲ. ನಿನ್ನ ಮೂಗಿನ ತುದಿಯ ಕೋಪ ದಾವಣಗೆರೆಯಿಂದ ಇಲ್ಲಿಯವರೆಗೆ ಕಾಣಿಸುತ್ತಿದೆ. ಬೈಯುವುದನ್ನೆಲ್ಲ ಬೈದು ಮುಗಿಸಿ ಆಮೇಲೆ ಇದನ್ನು ಓದು.

ನಾನು ಕಾಯಿಲೆ ರಜೆಯಲ್ಲಿದ್ದೆ ಎಂದು ನಿನ್ನ ಕಿವಿಗೂ ಬಿದ್ದಿರಬಹುದು. ಗಾಬರಿಯಾಗಬೇಡ, ಗುಂಡುಕಲ್ಲಿನ ಹಾಗಿದ್ದೇನೆ. ಅದೆಲ್ಲ ಸುಳ್ಳು ಜ್ವರ.

ನಮ್ಮವರು ಹೋದ ಮೇಲೆ ಮಾಗಡಿ ರಸ್ತೆಯ ಮಿಲ್ಲಿನಲ್ಲಿ ನನಗೆ ನೂಲು ಸುತ್ತುವ ಕೆಲಸ ಸಿಕ್ಕಿದ್ದು, ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ ಉಳಿದದ್ದು ನಿನಗೆ ಗೊತ್ತೇ ಇದೆ. ಈ ಮಳೆಗಾಲದಿಂದ ಅತ್ತೆಗೆ ಎದೆಯ ಕಾಯಿಲೆ ಶುರುವಾಯಿತು. ನಾಲ್ಕು ಹೆಜ್ಜೆ ನಡೆದರೆ ಉಬ್ಬಸ, ತುಟಿಯೆಲ್ಲ ನೀಲಿ. ಆಸ್ಪತ್ರೆಯಲ್ಲಿ ತೋರಿಸಿದರೆ, ‘ಒಲೆ ಮುಂದೆ ಕೂರಿಸಬೇಡಿ, ನೀರು ಎತ್ತಿಸಬೇಡಿ, ಒಬ್ಬರನ್ನೇ ಬಿಟ್ಟು ಹೋಗಬೇಡಿ’ ಎಂದರು. ಬಿಟ್ಟು ಹೋಗದಿದ್ದರೆ ಇಬ್ಬರೂ ತಿನ್ನುವುದೇನು?

ರಜೆ ಕೇಳಲು ಹೋದೆ. ಟೈಂ ಆಫೀಸಿನಲ್ಲಿ ಹಾಜರಿ, ರಜೆ ನೋಡಿಕೊಳ್ಳುವ ಗೋಪೀನಾಥರು, ‘ಕಾಯಿಲೆ ರಜ ಕಾಯಿಲೆ ಬಂದೋರಿಗಮ್ಮ. ನಿಮಗೆ ಬಂದಿದೆಯಾ?’ ಎಂದರು.

‘ನಮ್ಮತ್ತೆಗೆ ಸಾರ್.’

‘ಅತ್ತೆ ನಮ್ಮ ಮಿಲ್ಲಲ್ಲಿ ಕೆಲಸಕ್ಕಿದಾರಾ? ಇಲ್ವಲ್ಲ. ಅವರ ಕಾಯಿಲೆಗೆ ನಿಮಗೆ ಹೆಂಗೆ ರಜ ಕೊಡ್ಲಿ?’

ಕೆಟ್ಟ ಮನುಷ್ಯರಲ್ಲ, ರೂಲ್ಸು ಹಾಗಿದೆ. ಆದರೂ ನನಗೆ ಮೈ ಉರಿದು ಹೋಯಿತು.

ಪಕ್ಕದ ಯಂತ್ರದ ಪಾಪಮ್ಮ ನಕ್ಕುಬಿಟ್ಟಳು. ‘ಅಷ್ಟೇನಾ? ಕಂಕುಳಲ್ಲಿ ಈರುಳ್ಳಿ ಇಟ್ಕೊಂಡು ಮಲಕ್ಕೊಳೇ. ಬೆಳಿಗ್ಗೆ ಮೈ ಕಾದ ಹೆಂಚಾಗಿರ್ತದೆ’ ಎಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಗಾದೆ ನನ್ನ ಪಾಲಿಗೇ ಬಂತು ನೋಡು. ಅವಳು ಹೇಳಿದ ಹಾಗೇ ಮಾಡಿದೆ. ಮಿಲ್ಲಿನ ಡಾಕ್ಟರ ಮುಂದೆ ಕೂತಾಗ ಮೈ ತಣ್ಣಗೇ ಇತ್ತು, ವಾಸನೆ ಮಾತ್ರ ಊರಿಗೆಲ್ಲ. ‘ಏನಮ್ಮ, ಹುಳಿಗೆ ಈರುಳ್ಳಿ ಹೆಚ್ಚಿ ಬಂದ್ಯಾ?’ ಎಂದರು. ನನಗೆ ಅಳು ತಡೆಯಲಿಲ್ಲ, ಇದ್ದದ್ದನ್ನು ಹೇಳಿಬಿಟ್ಟೆ. ಅವರು ನಿಶ್ಶಕ್ತಿ ಎಂದು ರಜೆಗೆ ಬರೆದುಕೊಟ್ಟರು. ‘ಮಿಲ್ಲಿನೋರು ಮನೆಗೆ ಬಂದು ನೋಡ್ತಾರೆ. ಓಡಾಡ್ತಾ ಇದ್ದದ್ದು ಕಂಡ್ರೆ ಕೆಲಸಾನೇ ಹೋಗತ್ತೆ, ಹುಷಾರು’ ಎಂದೂ ಹೇಳಿದರು.

ಕಮಲೂ, ನನ್ನ ಮನೆಯ ಹಗಲನ್ನು ನಾನು ನೋಡಿಯೇ ಇರಲಿಲ್ಲ ಕಣೇ. ಮಿಲ್ಲಿನ ಮೊದಲ ಕೂಗಿಗೆ ಓಡಿ ದೀಪ ಹಚ್ಚುವ ಹೊತ್ತಿಗೆ ಬರುವವಳು. ಭಾನುವಾರ ಒಗೆಯುವುದರಲ್ಲೇ ಮುಗಿಯುತ್ತದೆ. ಬಿಸಿಲು ಬೆಳಿಗ್ಗೆ ನಮ್ಮ ಹೊಸಿಲಿಗೆ ಬರುತ್ತದೆ, ಮಧ್ಯಾಹ್ನ ಮಂಚದ ಕಾಲ ಹತ್ತಿರ ಸುಮ್ಮನೆ ಮಲಗಿರುತ್ತದೆ, ಸಂಜೆ ಗೋಡೆಯ ಮೇಲೆ ನಮ್ಮವರ ಪಟವನ್ನು ಮುಟ್ಟಿ ಹೋಗುತ್ತದೆ. ಎದುರಿಗೆಲ್ಲ ಗಡಿಕಲ್ಲು ನೆಟ್ಟ ಖಾಲಿ ಸೈಟುಗಳು. ಯಾರೂ ಇನ್ನೂ ಕಟ್ಟದ ಮನೆಗಳೊಳಗೆ ಕುರಿಗಳು ಮೇಯುತ್ತಿದ್ದವು. ಮಿಲ್ಲು ಕೂಗಿದರೆ ಬೇರೆ ಯಾರನ್ನೋ ಕರೆಯುತ್ತಿದೆ ಎನ್ನಿಸುತ್ತಿತ್ತು.

ಅತ್ತೆಯ ಕಾಲು ಒತ್ತುತ್ತಾ ಕೂತಲ್ಲೇ ತೂಕಡಿಸುತ್ತಿದ್ದೆ. ಅವರು ಅರೆನಿದ್ದೆಯಲ್ಲಿ ತವರಿನ ಕೆರೆ, ಅಲ್ಲಿ ಈಜು ಕಲಿತದ್ದು, ನೀರಿನೊಳಗೆ ಕಣ್ಣು ಬಿಟ್ಟರೆ ಹಸಿರು ಕಾಣುತ್ತಿದ್ದದ್ದು, ಎಲ್ಲ ಹೇಳುತ್ತಿದ್ದರು. ಅವರ ಮಾತು ಎಲ್ಲಿ ಮುಗಿಯಿತು, ನನ್ನ ಕನಸು ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಲೇ ಇರಲಿಲ್ಲ. ಒಂದು ಮಧ್ಯಾಹ್ನ ನನ್ನ ತಲೆಯನ್ನು ತೊಡೆಗೆ ಎಳೆದುಕೊಂಡು ಹೇನು ನೋಡಿದರು. ‘ಇಲ್ವಲ್ಲೇ’ ಎಂದಾಗಲೆಲ್ಲ ‘ಇದೆ, ಇನ್ನೊಂಚೂರು ನೋಡಿ’ ಎನ್ನುತ್ತಿದ್ದೆ. ಅಷ್ಟು ಸುಖ ನನಗೆ ಯಾವತ್ತೂ ಸಿಕ್ಕಿರಲಿಲ್ಲ.

ಹೀಗಿರುವಾಗ ಒಂದು ದಿನ ಬಾಗಿಲಲ್ಲಿ ಸೈಕಲ್ ಬೆಲ್ಲಾಯಿತು. ರಜೆಯವರ ಮನೆ ನೋಡಿ ಬರುವ ಲಕ್ಷ್ಮೀಪತಿಗಳು. ನಾನು ಒಲೆ ಮುಂದೆ, ಇರುವ ಒಂದೇ ಮಂಚದ ಮೇಲೆ ಅತ್ತೆ! ಆಕೆ ಹೇಗೆ ಎದ್ದರೋ ದೇವರೇ ಬಲ್ಲ. ‘ಮಲಕ್ಕೊಳೇ ಗಂಗಾ, ಬೇಗ’ ಎಂದು ನನ್ನನ್ನು ಮಂಚಕ್ಕೆ ತಳ್ಳಿ, ಕಂಬಳಿ ಹೊದಿಸಿ, ಸೆರಗು ಸರಿಮಾಡಿಕೊಂಡು ಬಾಗಿಲು ತೆಗೆದರು.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಬಂದವರನ್ನು ಬರಿಬಾಯಲ್ಲಿ ಕಳಿಸುವುದು ಆ ಜೀವಕ್ಕೆ ಗೊತ್ತೇ ಇಲ್ಲವಲ್ಲ. ‘ಕೂತ್ಕೊಳಿ ಸ್ವಾಮಿ, ಬಿಸಿಲಲ್ಲಿ ಬಂದಿದೀರಿ’ ಎಂದು ಒಲೆ ಮುಂದೆ ಕೂತು ಕಾಫಿ ಕಾಯಿಸಿದರು, ಉಪ್ಪಿಟ್ಟು ಕೆದಕಿದರು. ಅವರು ಕೊಳವೆ ಊದುವುದು, ಉಸಿರಿಗಾಗಿ ನಿಲ್ಲುವುದು, ಮತ್ತೆ ಊದುವುದು ಕಂಬಳಿಯೊಳಗೆ ನನಗೆ ಕೇಳಿಸುತ್ತಿತ್ತು. ಎದ್ದರೆ ಕೆಲಸ ಹೋಗುತ್ತದೆ. ಕಂಬಳಿಯ ಅಂಚು ಕಚ್ಚಿಕೊಂಡು ಬಿದ್ದಿದ್ದೆ. ಲಕ್ಷ್ಮೀಪತಿಗಳು ಚಪ್ಪರಿಸಿ ತಿಂದು, ‘ಏನ್ ಗಟ್ಟಿ ಜೀವ ನಿಮ್ಮದು! ಸೊಸೇನ ಹಿಂಗೆ ನೋಡ್ಕೊಳೋ ಅತ್ತೆ ಇದ್ರೆ ಇನ್ನೇನ್ ಬೇಕು? ಸೋಮವಾರದಿಂದ ಕೆಲಸಕ್ಕೆ ಬರಬಹುದು ಅಂತ ಹೇಳ್ತೀನಿ ಬಿಡಿ’ ಎಂದು ಹರಸುವವರ ಹಾಗೆ ಹೇಳಿ ಹೋದರು. ಹೊಗಳುತ್ತಲೇ ರಜೆ ಕಿತ್ತುಕೊಂಡರು ಪುಣ್ಯಾತ್ಮ. ಆ ಹಗಲೆಲ್ಲ ಅತ್ತೆಗೆ ಉಬ್ಬಸ ಇಳಿಯಲಿಲ್ಲ. ನಾನು ಸಿಟ್ಟಿನಿಂದ, ‘ಯಾರು ಕೇಳಿದ್ರು ನಿಮ್ಮ ಉಪ್ಪಿಟ್ಟು?’ ಎಂದರೆ, ‘ಪಾಪ, ಹಸಿದಿದ್ದ ಕಣೇ’ ಎಂದರು.

ಸೋಮವಾರ ಹೊರಡಲು ಕಾಲೇ ಬರಲಿಲ್ಲ. ‘ಹೋಗೇ, ಗಟ್ಟಿ ಜೀವ ಅಂತ ನಿಮ್ಮ ಮಿಲ್ಲೋರೇ ಹೇಳಿಲ್ವಾ’ ಎಂದು ನಕ್ಕರು. ಆಗಾಗ ಇಣುಕಿ ನೋಡಿ ಎಂದು ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮನವರಿಗೆ ಹೇಳಿ ಹೋದೆ.

ಈಗ ಯಂತ್ರದ ಮುಂದೆ ನಿಂತಿದ್ದರೂ ಆ ಮಧ್ಯಾಹ್ನಗಳೇ ಕಣ್ಣಿಗೆ ಬರುತ್ತವೆ. ಅವು ನಿಜವಾಗಿ ಇದ್ದವೋ ಜ್ವರದಲ್ಲಿ ಕಂಡೆನೋ ಎನ್ನಿಸುತ್ತದೆ. ಜ್ವರವೇ ಇರಲಿಲ್ಲವಲ್ಲ ಎಂದು ಆಮೇಲೆ ನೆನಪಾಗುತ್ತದೆ.

ಮಗುವಿಗೆ ಅತ್ತೆಯ ಹಳೆಯ ಸೀರೆಯೊಂದನ್ನು ಕಳಿಸುತ್ತಿದ್ದೇನೆ. ಒಗೆದು ಒಗೆದು ಮೆತ್ತಗಾಗಿದೆ, ತೊಟ್ಟಿಲಿಗೆ ಹಾಸು. ನಿನ್ನ ಮಗಳು ನೂರು ಕಾಲ ಬಾಳಲಿ, ನಿನ್ನ ಹಾಗೇ ಜಗಳಗಂಟಿಯಾಗಲಿ. ನಿಮ್ಮ ಯಜಮಾನರಿಗೆ ನನ್ನ ಶರಣು ತಿಳಿಸು.

ನಿನ್ನ
ಶಿವಗಂಗೆ

ಮ. ವಿ.: ಅತ್ತೆ ಹೇಗಿದ್ದಾರೆ ಎಂದು ಕೇಳಿದ್ದೆಯಲ್ಲ. ದೀಪಾವಳಿಗೆ ಮುಂಚೆ ಹೋಗಿಬಿಟ್ಟರು ಕಣೇ. ನಾನು ಮಿಲ್ಲಿನಲ್ಲಿದ್ದೆ. ನೀರು ಕೇಳಿದರೆಂದು ಚಿಕ್ಕಲಕ್ಷ್ಮಮ್ಮನವರು ಒಳಗೆ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ಸುದ್ದಿ ಬಂದಾಗ ರಜೆಗಾಗಿ ಗೋಪೀನಾಥರ ಕಿಟಕಿಯ ಮುಂದೆ ನಿಂತೆ. ಅವರು ತಲೆ ಎತ್ತದೆ, ‘ತೀರ್ಕೊಂಡೋರು ನಿಮಗೇನಾಗಬೇಕಮ್ಮ? ಹೆತ್ತೋರಿಗೆ ಮಾತ್ರ ರಜ ಇರೋದು’ ಎಂದರು. ‘ನಮ್ಮಮ್ಮ’ ಎಂದೆ. ಅವರಿಗೆ ಎಲ್ಲ ಗೊತ್ತಿತ್ತು, ಏನೂ ಕೇಳದೆ ಕಳಿಸಿಕೊಟ್ಟರು. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಒಂದು ದಿನವೂ ಅವರನ್ನು ಹಾಗೆ ಕರೆದಿರಲಿಲ್ಲ ಕಮಲೂ. ಮೊದಲ ಸಲ ಅಮ್ಮ ಎಂದದ್ದು ರಜೆಗಾಗಿ.